ಇನ್ನು ಯಾರನ್ನು ಹೊರಗೆ ಹಾಕುವುದು

ಮೊದಲು ಮನೆಯಿಂದ ಹೊರಗೆ ಹೋದದ್ದು ಹತ್ತಿಯ ದಿಂಬು. ಅದರ ಹಿಂದೆ ಕಿಟಕಿಯ ಪರದೆ, ನೆಲದ ಜಮಖಾನ, ಒಂದು ಕಿವಿ ಕಿತ್ತುಹೋಗಿದ್ದ ಬಟ್ಟೆಯ ಕರಡಿ. ಆಮೇಲೆ ನಮ್ಮ ಅತ್ತೆಯ ಮಂಡಿನೋವಿನ ಮುಲಾಮು. ಅದನ್ನು ಹಚ್ಚಿಕೊಂಡರೆ ಪಕ್ಕದ ಮನೆಯವರೂ ಸೀನುತ್ತಾರೆ ಎಂದು ನಾನು ಹೇಳಿದೆ. "ಅವರು ನಿಮ್ಮ ಮುಖ ನೋಡಿ ಸೀನ್ತಾರೆ," ಎಂದರು ಅತ್ತೆ. ಆದರೂ ಮೊಮ್ಮಗಳತ್ತ ಒಮ್ಮೆ ನೋಡಿ ಮುಲಾಮಿನ ಡಬ್ಬಿಯನ್ನು ತಾವೇ ಕಸದ ಬುಟ್ಟಿಗೆ ಹಾಕಿದರು.

ನನ್ನ ಮಗಳಿಗೆ ಉಬ್ಬಸ. ವಯಸ್ಸು ಏಳು. ಆಳು ಕಾಳಿನಷ್ಟು, ಮಾತು ಮಾತ್ರ ಖಾರ, ಅದಕ್ಕೇ ಮನೆಯಲ್ಲಿ ಎಲ್ಲರೂ ಅವಳನ್ನು ಮೆಣಸು ಎಂದೇ ಕರೆಯುವುದು. ಆ ಮೆಣಸು ನಾಲ್ಕು ತಿಂಗಳಲ್ಲಿ ಎರಡು ಸಲ ಆಸ್ಪತ್ರೆ ಸೇರಿದ್ದಳು. ಅಲ್ಲಿ ಮೂರೇ ದಿನಕ್ಕೆ ಚೇತರಿಸಿಕೊಂಡು ಮಂಚದ ಮೇಲೆ ಕುಣಿಯುತ್ತಿದ್ದಳು. ಮನೆಗೆ ಕರೆತಂದ ಹತ್ತು ದಿನದೊಳಗೆ ಮತ್ತೆ ಎದೆಯಲ್ಲಿ ಸುಯ್ ಸುಯ್ ಸದ್ದು, ಮತ್ತೆ ಮೆಟ್ಟಿಲ ಅರ್ಧದಲ್ಲಿ ಕೂತುಬಿಡುವುದು. ಹಾಗಾದರೆ ಮನೆಯೊಳಗೇ ಏನೋ ಇದೆ. ಅದನ್ನು ಹುಡುಕಿ ಕತ್ತು ಹಿಡಿದು ಹೊರಗೆ ದಬ್ಬಬೇಕು. ತಡವಾದರೆ ಮಗು ಉಳಿಯುವುದಿಲ್ಲ. ಎರಡನೇ ಸಲ ಮನೆಗೆ ಕಳಿಸುವಾಗ ಡಾಕ್ಟರಮ್ಮ ನನ್ನ ಕಣ್ಣು ತಪ್ಪಿಸಿ, "ಇನ್ನೊಂದ್ಸಲ ಇಷ್ಟು ದೂರ ಹೋಗೋಕೆ ಬಿಡಬೇಡಿ," ಎಂದಿದ್ದರು. ಅವರ ಮಾತಿಗಿಂತ ಅವರು ಕಣ್ಣು ತಪ್ಪಿಸಿದ್ದೇ ನನ್ನನ್ನು ಹೆಚ್ಚು ಹೆದರಿಸಿತು.

ನಾನು ಕಾರುಗಳಿಗೆ ಬಣ್ಣ ಹೊಡೆಯುವವನು. ಎಲ್ಲಿ ಗೀಚಿತ್ತು, ಎಲ್ಲಿ ತಗ್ಗಿತ್ತು ಎಂದು ಮಾಲೀಕನೇ ಬಂದು ಹುಡುಕಿದರೂ ಸಿಗಬಾರದು, ಹಾಗೆ ಹೊಡೆಯುತ್ತೇನೆ. ಇದು ಜಂಭವಲ್ಲ, ಅಥವಾ ಜಂಭವೇ ಇರಲಿ, ಇಪ್ಪತ್ತು ವರ್ಷ ದುಡಿದು ಸಂಪಾದಿಸಿದ್ದು. ಬಣ್ಣದ ಗಾಳಿ ಮಗುವಿಗೆ ಆಗದು ಎಂದು ಮೊದಲ ದಿನವೇ ಡಾಕ್ಟರಮ್ಮ ಹೇಳಿದ್ದರು. ಅಂದಿನಿಂದ ನಾನು ಗ್ಯಾರೇಜಿನ ಹಿಂದಿನ ನಲ್ಲಿಯಲ್ಲೇ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಮನೆಗೆ ಬರುತ್ತಿದ್ದೆ. ಕೆಲಸದ ಚಪ್ಪಲಿ ಕೂಡ ಮನೆಯ ಹೊಸ್ತಿಲು ಕಂಡಿರಲಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ತಪ್ಪು ನನ್ನದಾಗಿರಲು ಹೇಗೆ ಸಾಧ್ಯ? ತಪ್ಪು ದಿಂಬಿನದು, ಕರಡಿಯದು, ಅತ್ತೆಯ ಮಂಡಿಯದು.

ಮೆಣಸಿಗೆ ಎರಡು ಪಂಪುಗಳಿದ್ದವು. ಕಂದು ಬಣ್ಣದ್ದು ದಿನಕ್ಕೆ ಎರಡು ಹೊತ್ತು, ಉಬ್ಬಸ ಬರದಂತೆ ತಡೆಯಲು. ನೀಲಿಯದು ಬಂದಾಗ ಇಳಿಸಲು. ಪಂಪನ್ನು ನೇರವಾಗಿ ಬಾಯಿಗಿಟ್ಟರೆ ಮಕ್ಕಳಿಗೆ ಔಷಧ ಎಳೆದುಕೊಳ್ಳಲು ಬರುವುದಿಲ್ಲ. ಅದಕ್ಕೆ ನಡುವೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಅದರ ತುದಿಗೆ ಮೂಗು ಬಾಯಿ ಮುಚ್ಚುವ ಮುಖವಾಡ. ಸ್ಪೇಸರ್ ಅನ್ನುತ್ತಾರೆ. ಮೆಣಸು ಅದಕ್ಕೆ ಸೊಂಡಿಲು ಎಂದು ಹೆಸರಿಟ್ಟಿದ್ದಳು.

ಸೊಂಡಿಲಿನ ಉಸ್ತುವಾರಿ ನನ್ನದು. ನನ್ನ ಹೆಂಡತಿಗೆ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಕೆಲಸ, ಬೆಳಗ್ಗೆ ಐದಕ್ಕೇ ಹೊರಟರೆ ಬರುವುದು ಸಂಜೆಗೆ. ಅತ್ತೆಯ ಕೈ ನಡುಗುತ್ತದೆ. ಅದೂ ಅಲ್ಲದೆ ಗಾಳಿಯ ಒತ್ತಡದಲ್ಲಿ ಹನಿ ಹಾರಿಸುವ ಸಾಮಾನಿನ ವಿಷಯ ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಬಣ್ಣ ಚಿಮ್ಮಿಸುವ ಗನ್ನಿನ ನಾಜಲ್‌ನಲ್ಲಿ ಕೂದಲೆಳೆಯಷ್ಟು ಕಸ ಕೂತರೂ ಸಾಕು, ಕಾರಿನ ಬಾಗಿಲ ತುಂಬ ಚುಕ್ಕೆ ಬೀಳುತ್ತದೆ. ವಾರಕ್ಕೊಮ್ಮೆ ಸೊಂಡಿಲು ತೊಳೆಯಿರಿ ಎಂದಿದ್ದರು. ನಾನು ಒಂದು ವಾರವೂ ತಪ್ಪಿಸಲಿಲ್ಲ. ಪ್ರತಿ ಶನಿವಾರ ಗ್ಯಾರೇಜಿಗೆ ಒಯ್ದು, ನನ್ನ ಗನ್ನನ್ನು ತೊಳೆಯುವ ಹಾಗೆಯೇ, ಸಣ್ಣ ಬ್ರಶ್ಶನ್ನು ಬಣ್ಣ ತೆಳುಮಾಡುವ ಥಿನ್ನರ್‌ನಲ್ಲಿ ಅದ್ದಿ ಒಳಗೆಲ್ಲ ಉಜ್ಜಿ, ಮೆತ್ತನೆಯ ಒಣಬಟ್ಟೆಯಲ್ಲಿ ಮಿನುಗುವಂತೆ ಒರೆಸಿ, ಧೂಳು ತಾಗದಿರಲೆಂದು ತಿರುಗಿಸಿ ಮುಚ್ಚುವ ಸ್ಟೀಲ್ ಡಬ್ಬಿಯಲ್ಲಿ ಹಾಕಿ ತರುತ್ತಿದ್ದೆ. ಥಿನ್ನರ್ ಎಂದರೆ ಹಾರಿಹೋಗುವ ವಸ್ತು, ಎರಡು ನಿಮಿಷದಲ್ಲಿ ಹೆಸರಿಲ್ಲದಂತೆ ಮಾಯವಾಗುತ್ತದೆ. ಬಣ್ಣ ಹೊಡೆಯುವವರೆಲ್ಲ ಹೀಗೇ ನಂಬಿರುತ್ತೇವೆ. ನಮ್ಮ ಮೂಗು ಸತ್ತು ಎಷ್ಟೋ ವರ್ಷಗಳಾಗಿರುತ್ತವೆ ಎನ್ನುವುದು ನಮಗೆ ನೆನಪಿರುವುದಿಲ್ಲ.

ಕೊಳವೆ ದಿನಕಳೆದಂತೆ ಮಂಜು ಕವಿದಂತೆ ಮಸುಕಾಗುತ್ತ ಬಂತು. ಔಷಧ ಅಂಟಿಕೊಂಡಿದೆ ಎಂದುಕೊಂಡು ಇನ್ನೂ ಹೆಚ್ಚು ಉಜ್ಜಿದೆ.

ಕರಡಿ ಹೋದ ಮೇಲೂ ಸುಯ್ ಸುಯ್ ನಿಲ್ಲದಿದ್ದಾಗ ನನ್ನ ಕಣ್ಣು ಬೆಕ್ಕಿನ ಮೇಲೆ ಬಿತ್ತು. ಬೂದು ಬಣ್ಣದ ಮುದಿ ಬೆಕ್ಕು, ಹೆಸರು ಸೋಮಾರಿ. ಮೆಣಸು ಹುಟ್ಟುವ ಮೊದಲೇ ಮನೆಯಲ್ಲಿತ್ತು. ಅವಳು ಅಂಬೆಗಾಲಿಡುವಾಗ ಅದರ ಬಾಲ ಹಿಡಿದೇ ಎದ್ದುನಿಂತಿದ್ದಳು.

"ಇಷ್ಟು ವರ್ಷ ಮಾಡದ್ದು ಈಗ ಮಾಡುತ್ತಾ ಅದು?" ಎಂದರು ಅತ್ತೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ."

"ಅತ್ತೆ, ನಿಮಗೆ ಬೆಕ್ಕು ಹೆಚ್ಚೋ ಮೊಮ್ಮಗಳು ಹೆಚ್ಚೋ?" ಎಂದು ನಾನು ಕೂಗಾಡಿದೆ. ಹಾಗೆ ಕೇಳಬಾರದಿತ್ತು. ಹೆದರಿದವನಿಗೆ ನಾಲಿಗೆ ಮೇಲೆ ಹಿಡಿತವಿರುವುದಿಲ್ಲ. ಅತ್ತೆ ಎದ್ದು ಹೋಗಿ ಬೆಕ್ಕಿನ ಬಟ್ಟಲಿಗೆ ಹಾಲು ಹಾಕಿದರು.

ನನ್ನ ಗ್ಯಾರೇಜಿನಲ್ಲಿ ತಗ್ಗು ಬಡಿದು ಸರಿಮಾಡುವ ಟಿಂಕರ್ ಮೇಸ್ತ್ರಿ ಒಂಟಿ ಮನುಷ್ಯ. ಬೆಕ್ಕನ್ನು ಅವನ ಮನೆಗೆ ಸಾಗಿಸುವುದೆಂದಾಯಿತು. ಸೋಮಾರಿಯನ್ನು ಚೀಲಕ್ಕೆ ಹಾಕುವಾಗ ಮೆಣಸು ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ. ಅತ್ತರೆ ಉಬ್ಬಸ ಹೆಚ್ಚುತ್ತದೆ ಎಂದು ನಾನೇ ಅವಳಿಗೆ ಕಲಿಸಿದ್ದೆ.

"ಅಪ್ಪಾ, ಇನ್ನು ಯಾರು ಹೋಗ್ಬೇಕು?"

"ಯಾರಿಂದ ನಿಂಗೆ ಉಬ್ಬಸ ಬರುತ್ತೋ ಅವರೆಲ್ಲ ಹೋಗ್ಬೇಕು ಪುಟ್ಟಾ. ಯಾರೇ ಆಗಿರ್ಲಿ. ಅಪ್ಪ ಯಾರನ್ನೂ ಬಿಡಲ್ಲ."

ಧೈರ್ಯ ಹೇಳಿದೆ ಎಂದುಕೊಂಡೆ. ಅವಳು ತಲೆಯಾಡಿಸಿ ಒಳಗೆ ಹೋದಳು.

ಅದೇ ವಾರ ನನ್ನ ಹೆಂಡತಿ ನನ್ನ ಹತ್ತಿರ ಬಂದು ಮೂಗರಳಿಸಿದಳು. "ರೀ, ಇನ್ನೂ ಪೇಂಟ್ ವಾಸನೆ ಬರ್ತಾ ಇದೆ. ಸರಿಯಾಗಿ ಸ್ನಾನ ಮಾಡಿ ಬರ್ತಿದೀರಾ?"

"ಮೈ ಚರ್ಮ ಸುಲೀತಾ ಇದೆ ಕಣೇ, ಇನ್ನೇನು ಮೂಳೆ ತೊಳೀಲಾ?"

"ನಂಗೆ ಬರೋ ವಾಸನೆ ಹೇಳಿದೆ, ಅಷ್ಟೆ. ಮಗೂಗೆ ಆಗಲ್ಲ ಅಂತ."

ರೇಗಿತು. ರೇಗಿದರೂ ಬಚ್ಚಲಿಗೆ ಹೋಗಿ, ಪಾತ್ರೆ ತಿಕ್ಕುವ ನಾರಿನಿಂದ ತೋಳು ತಿಕ್ಕಿಕೊಂಡೆ. ಮೊಣಕೈ ಹತ್ತಿರ ರಕ್ತ ಬಂತು. ತಿರುಗಿ ನೋಡಿದರೆ ಬಾಗಿಲ ಸಂದಿಯಲ್ಲಿ ಮೆಣಸು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಅಲ್ಲಿಂದಾಚೆ ಸೊಂಡಿಲು ಕಂಡರೆ ಅವಳು ಹಿಂದೆ ಸರಿಯತೊಡಗಿದಳು. ಅದರಲ್ಲೂ ಶನಿವಾರ, ಭಾನುವಾರ. "ಬೇಡ ಅಪ್ಪಾ. ಅದು ಹಾಕಿದ್ರೆ ಎದೆ ಬಿಗಿಯುತ್ತೆ," ಎನ್ನುತ್ತಿದ್ದಳು. ಔಷಧ ಬೇಡವೆನ್ನದ ಮಗು ಎಲ್ಲಿದೆ? ನಾನು ಒಂದು ಕೈಯಲ್ಲಿ ಅವಳ ತಲೆ ಹಿಡಿದು ಇನ್ನೊಂದು ಕೈಯಲ್ಲಿ ಮುಖವಾಡ ಒತ್ತುತ್ತಿದ್ದೆ. "ನಾಟಕ ಬೇಡ. ಉಸಿರು ಎಳ್ಕೋ. ಹತ್ತರವರೆಗೂ ಎಣಿಸ್ತೀನಿ." ಅವಳು ನನ್ನ ಕಣ್ಣನ್ನೇ ನೋಡುತ್ತ ಎಳೆದುಕೊಳ್ಳುತ್ತಿದ್ದಳು.

ಮೂರನೇ ಸಲ ಬಂದದ್ದು ಒಂದು ಶನಿವಾರ ಮಧ್ಯಾಹ್ನ, ಮೂರು ಗಂಟೆಯ ಸುಮಾರಿಗೆ.

ಆಗಷ್ಟೇ ಗ್ಯಾರೇಜಿನಿಂದ ಬಂದಿದ್ದೆ. ಸೊಂಡಿಲು ಹೊಸದಾಗಿ ತೊಳೆದು ಡಬ್ಬಿಯಲ್ಲಿತ್ತು. ಮೆಣಸು ಕೆಳಗಿನ ಮನೆಯ ಮಕ್ಕಳೊಡನೆ ಓಡಾಡಿ ಬಂದು ಸ್ವಲ್ಪ ಕೆಮ್ಮುತ್ತಿದ್ದಳು. ಹೆಚ್ಚೇನಲ್ಲ, ನೀರು ಕುಡಿದು ಕೂತರೆ ಹೋಗುವಂಥದ್ದು. ಬೆಳೆಯಲು ಬಿಡಬಾರದು ಎಂದು ನಾನು ನೀಲಿ ಪಂಪು ತೆಗೆದು ಎರಡು ಸಲ ಒತ್ತಿದೆ. ಅವಳು ಕೊಸರಾಡಿದಳು. ಮತ್ತೆರಡು ಒತ್ತಿದೆ.

ಕೆಮ್ಮು ನಿಂತಿತು. ಉಸಿರಿಗೇ ಜಾಗವಿಲ್ಲದೆ ಕೆಮ್ಮು ನಿಂತಿತ್ತು. ಕುತ್ತಿಗೆಯ ಕೆಳಗಿನ ಗುಳಿ ಒಳಗೆ ಒಳಗೆ ಸೇದಿಹೋಗುತ್ತಿತ್ತು. ಅಂಗಿಯ ಮೇಲಿಂದಲೇ ಪಕ್ಕೆಲುಬು ಎಣಿಸಬಹುದಿತ್ತು. "ಅಪ್ಪಾ," ಎಂದಳು. ಉಸಿರು ಎಳೆದಳು. "ಸಾಕು," ಎಂದಳು. ಮತ್ತೆ ಎಳೆದಳು. ಮೂರನೆಯ ಮಾತು ಬರಲಿಲ್ಲ.

ಉಬ್ಬಸ ಜೋರಾದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಕೊಡುತ್ತಾ ಆಸ್ಪತ್ರೆಗೆ ಬನ್ನಿ ಎಂದಿದ್ದರು. ನಾನು ಇಪ್ಪತ್ತು ನಿಮಿಷ ಕಾಯಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಪ್ರತಿ ಸಲವೂ ಅವಳು ಇನ್ನಷ್ಟು ಕುಗ್ಗಿದಳು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಯಿತು. ಅತ್ತೆ ನಡುಗುವ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದರು.

"ಸಾಕು ಮಾಡಿ! ಕೊಟ್ಟಷ್ಟೂ ಜಾಸ್ತಿ ಆಗ್ತಿದೆ, ಕಾಣಲ್ವಾ? ಎತ್ಕೊಂಡು ನಡೀರಿ!"

ಎತ್ತಿಕೊಂಡು, ಗ್ಯಾರೇಜಿಗೆ ಫೋನು ಮಾಡುತ್ತಲೇ ಬೀದಿಗೆ ಓಡಿದೆ. ಟಿಂಕರ್ ಮೇಸ್ತ್ರಿ ರಿಪೇರಿಗೆ ಬಂದಿದ್ದ ಬಾಗಿಲಿಲ್ಲದ ಒಂದು ಕಾರನ್ನೇ ತಂದು ನಿಲ್ಲಿಸಿದ. ಅತ್ತೆ ಔಷಧದ ಚೀಲ ಹಿಡಿದು ಮುಂದೆ ಕೂತು, ದಾರಿಯುದ್ದಕ್ಕೂ ಅವನಿಗೆ ಬೇಗ ಬೇಗ ಎನ್ನುತ್ತಿದ್ದರು. ಹಿಂದೆ ನನ್ನ ತೊಡೆಯ ಮೇಲೆ ಮೆಣಸು. ಬಾಗಿಲಿಲ್ಲದ ಕಡೆಯಿಂದ ಗಾಳಿ ರಭಸವಾಗಿ ನುಗ್ಗುತ್ತಿತ್ತು. ಇಷ್ಟು ಗಾಳಿಯಲ್ಲಿ ಒಂದು ಗುಟುಕೂ ಇವಳಿಗೆ ದಕ್ಕುತ್ತಿಲ್ಲವಲ್ಲ ಎಂದು ನನಗೆ ದೊಡ್ಡ ದನಿಯಲ್ಲಿ ಅಳು ಬಂತು. ಎಷ್ಟು ದೊಡ್ಡದೆಂದರೆ ದಾರಿಯಲ್ಲಿದ್ದವರು ತಾವಾಗಿಯೇ ಪಕ್ಕಕ್ಕೆ ಸರಿದರು. ನಮ್ಮ ಕಾರಿಗೆ ಹಾರ್ನೂ ಇರಲಿಲ್ಲ.

ಆಸ್ಪತ್ರೆಯವರು ಅವಳನ್ನು ನನ್ನ ಕೈಯಿಂದ ಕಿತ್ತುಕೊಂಡು ಪರದೆ ಎಳೆದರು. ಒಳಗಿನಿಂದ ಯಂತ್ರದ ಬುಸ್ ಸದ್ದು, ಯಾರೋ ಅವಸರವಾಗಿ ಅಂಕೆ ಹೇಳುವುದು, ಪಾದಗಳ ಓಡಾಟ. ನನ್ನ ಮಗಳ ದನಿ ಮಾತ್ರ ಇಲ್ಲ. ಅಂಚೆ ಕಚೇರಿಯಿಂದ ನೇರವಾಗಿ ಓಡಿಬಂದ ಹೆಂಡತಿಯ ಬೆರಳುಗಳ ಮೇಲೆ ಮುದ್ರೆಯ ಮಸಿ ಹಾಗೇ ಇತ್ತು. ಅವಳು ಪರದೆಯ ಸಂದಿಗೆ ಕಣ್ಣಿಟ್ಟು ನಿಂತಳು. ಒಂದೂವರೆ ಗಂಟೆಯ ನಂತರ ಪರದೆ ಸರಿಯಿತು. "ಬದುಕಿಕೊಂಡ್ಳು. ಇನ್ನು ಹತ್ತು ನಿಮಿಷ ತಡ ಮಾಡಿದ್ದಿದ್ರೆ ನಾನು ಈ ಮಾತು ಹೇಳ್ತಿರ್ಲಿಲ್ಲ," ಎಂದರು ಡಾಕ್ಟರಮ್ಮ. ಈ ಸಲ ಅವರು ಕಣ್ಣು ತಪ್ಪಿಸಲಿಲ್ಲ.

ಮೂರನೇ ದಿನ ಬೆಳಗ್ಗೆ ಉಬ್ಬಸದ ಮಕ್ಕಳನ್ನು ನೋಡಿಕೊಳ್ಳಲೆಂದೇ ಇರುವ ನರ್ಸ್ ಬಂದರು. ದಪ್ಪ ದೇಹ, ದಾರ ಕಟ್ಟಿದ ಕನ್ನಡಕ. ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು. ನಾನು ಅವರಿಗೆ ನನ್ನ ಪಟ್ಟಿ ಒಪ್ಪಿಸಿದೆ. ದಿಂಬು, ಪರದೆ, ಜಮಖಾನ, ಕರಡಿ, ಮುಲಾಮು, ಬೆಕ್ಕು. "ಇನ್ನು ಏನು ಉಳಿದಿದೆ ಹೇಳಿ ಸಿಸ್ಟರ್. ಮನೇನೇ ಬಿಡ್ಬೇಕಾದ್ರೂ ಬಿಡ್ತೀನಿ."

"ಔಷಧ ಯಾರು ಕೊಡೋದು?"

"ನಾನೇ. ಒಂದು ಹೊತ್ತೂ ತಪ್ಪಿಸಿಲ್ಲ."

"ಸ್ಪೇಸರ್ ತೊಳೀತೀರಾ?"

"ಪ್ರತಿ ವಾರ." ಹಿಂದಿನ ಎರಡು ಸಲವೂ ಬೇರೆ ನರ್ಸುಗಳು ಇದೇ ಪ್ರಶ್ನೆ ಕೇಳಿದ್ದರು, ಇದೇ ಉತ್ತರ ಕೊಟ್ಟಿದ್ದೆ, ಅವರು ಕಾಗದದ ಮೇಲೆ ಸರಿ ಗುರುತು ಹಾಕಿಕೊಂಡಿದ್ದರು. ಆಸ್ಪತ್ರೆಯಲ್ಲಿ ಔಷಧ ಕೊಡಲು ಅವರದೇ ಸಾಮಾನು, ನಮ್ಮದು ಚೀಲದಿಂದ ಹೊರಗೆ ಬಂದೇ ಇರಲಿಲ್ಲ.

ಈ ನರ್ಸ್ ಕಾಗದವನ್ನು ಪಕ್ಕಕ್ಕಿಟ್ಟರು. "ನಾನು ಕೇಳಿ ಬರ್ಕೊಳ್ಳೋದು ಬಿಟ್ಟು ಬಹಳ ದಿನ ಆಯ್ತು. ಮನೇಲಿ ಹೇಗೆ ಕೊಡ್ತೀರೋ ಹಾಗೇ ಮಾಡಿ ತೋರಿಸಿ."

ನಾನು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದೆ. ನರ್ಸ್ ಕುರ್ಚಿಯೊಂದಿಗೇ ಹಿಂದಕ್ಕೆ ಜರುಗಿದರು. ಮಂಚದ ಮೇಲೆ ಮೆಣಸು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಏನಿದು ವಾಸನೆ?"

"ಯಾವ ವಾಸನೆ?" ಎಂದೆ ನಾನು.

ಅವರು ಡಬ್ಬಿಯನ್ನು ಕಸಿದುಕೊಂಡು ಕಿಟಕಿಯ ಹತ್ತಿರ ಒಯ್ದು ಕೊಳವೆಯನ್ನು ಬೆಳಕಿಗೆ ಹಿಡಿದರು. ಒಳಗೆಲ್ಲ ಸಣ್ಣ ಸಣ್ಣ ಬಿರುಕು. ಔಷಧವನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಒಳಗಿನ ರಬ್ಬರ್ ಪರದೆ ಉಬ್ಬಿ ಸೊಟ್ಟಗಾಗಿತ್ತು.

"ಯಾವುದ್ರಲ್ಲಿ ತೊಳೀತೀರಿ ಇದನ್ನ?"

ಬಾಯಿ ತೆರೆದೆ. ಉತ್ತರ ನಾಲಿಗೆಗೆ ಬರುವ ಮೊದಲೇ ನನಗೆ ಎಲ್ಲ ಅರ್ಥವಾಯಿತು. ಶನಿವಾರಗಳು, ಭಾನುವಾರಗಳು, ಎದೆ ಬಿಗಿಯುತ್ತೆ ಎಂದದ್ದು, ಒತ್ತಿದಷ್ಟೂ ಕುಗ್ಗಿದ್ದು. ಬಾಗಿಲಿಗೆ ಕಾವಲು ಕೂತು ಒಬ್ಬೊಬ್ಬರನ್ನೇ ಹೊರಗೆ ದಬ್ಬುತ್ತಿದ್ದೆನಲ್ಲ, ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. "ಥಿನ್ನರ್‌ನಲ್ಲಿ," ಎಂದೆ. ದನಿ ಹೊರಗೆ ಬಂತೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಹೇಳಿದೆ.

ನರ್ಸ್ ಬೈಯಲಿಲ್ಲ. "ಸೋಪಿನ ನೀರು ಸಾಕು," ಎಂದರು ಮೆಲ್ಲಗೆ. "ಅದ್ದಿ ತೆಗೆದು ಹಾಗೇ ಒಣಗೋಕೆ ಬಿಡ್ಬೇಕು. ಒರೆಸಲೂ ಬಾರದು. ಒಣಬಟ್ಟೇಲಿ ಉಜ್ಜಿದ್ರೆ ಔಷಧ ಕೊಳವೆ ಗೋಡೆಗೇ ಅಂಟ್ಕೊಂಡುಬಿಡುತ್ತೆ. ನಿಮ್ಮ ಮಗಳಿಗೆ ಇಷ್ಟು ದಿನ ಔಷಧ ಹೋಗಿದ್ದು ಕಮ್ಮಿ, ಇದರ ಗಾಳಿ ಹೋಗಿದ್ದೇ ಹೆಚ್ಚು."

ಹೆಂಡತಿ ಗೋಡೆಗೆ ಒರಗಿದಳು. "ನಂಗೆ ವಾಸನೆ ಬರ್ತಿತ್ತು," ಎಂದಳು. "ನಿಮ್ಮ ಮೈಯಿಂದ ಅಂದ್ಕೊಂಡೆ."

ನರ್ಸ್ ಮೆಣಸಿನತ್ತ ತಿರುಗಿದರು. "ನಿಂಗೂ ವಾಸನೆ ಗೊತ್ತಾಗ್ತಿತ್ತಲ್ವಾ ಮರಿ? ಯಾಕೆ ಹೇಳ್ಲಿಲ್ಲ?"

ಮೆಣಸು ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು.

"ಅದು ಅಪ್ಪನ ವಾಸನೆ."

"ಸರಿ. ಹೇಳಿದ್ರೆ ಏನಾಗ್ತಿತ್ತು?"

"ಅಪ್ಪನ್ನೂ ಟಿಂಕರ್ ಮಾಮನ ಮನೆಗೆ ಕಳಿಸ್ತಿದ್ರು. ಸೋಮಾರಿ ಥರ." ಅವಳ ಕೆಳದುಟಿ ನಡುಗಿತು. ಅತ್ತರೆ ಉಬ್ಬಸ ಬರುತ್ತದೆ ಎಂಬುದು ನೆನಪಾಗಿ ಅದನ್ನು ಕಚ್ಚಿ ಹಿಡಿದಳು. "ಯಾರೇ ಆಗಿರ್ಲಿ ಹೋಗ್ಬೇಕು ಅಂತ ಅಪ್ಪಾನೇ ಹೇಳಿದ್ದು. ನಾನೂ ಅಪ್ಪನ ಜತೆ ಹೋಗೋಣ ಅಂದ್ಕೊಂಡೆ. ಆದ್ರೆ ನಾನು ಹೋದ್ರೆ ಅಲ್ಲಿಂದಾನೂ ಅಪ್ಪ ಹೋಗ್ಬೇಕಾಗುತ್ತಲ್ಲ."

ನಾನು ಹೊರಗೆ ಹೋಗಿ ಕೈತೊಳೆಯುವ ಜಾಗದಲ್ಲಿ ನಿಂತುಕೊಂಡೆ. ನಲ್ಲಿ ಬಿಟ್ಟೆ. ತೊಳೆಯಲು ಏನೂ ಇರಲಿಲ್ಲ. ಏಳು ವರ್ಷದ ಮಗು ನನ್ನನ್ನು ಮನೆಯಲ್ಲಿ ಉಳಿಸಿಕೊಳ್ಳಲು ಉಸಿರನ್ನೇ ತೆರುತ್ತಿತ್ತು, ನಾನು ಹತ್ತರವರೆಗೆ ಎಣಿಸುತ್ತಿದ್ದೆ.

ಈಗ ಮೂರು ತಿಂಗಳಾಯಿತು. ಸೋಮಾರಿ ವಾಪಸು ಬಂದಿದೆ. ಅಲರ್ಜಿ ತಿಳಿಯುವ ಚರ್ಮದ ಪರೀಕ್ಷೆ ಮಾಡಿಸಿದೆವು, ಬೆಕ್ಕಿನಿಂದ ಮೆಣಸಿಗೆ ಏನೂ ಇಲ್ಲ. ಆದರೂ ಅದು ಮಲಗುವ ಕೋಣೆಗೆ ಬರಬಾರದೆಂದು ಕರಾರು. ಟಿಂಕರ್ ಮೇಸ್ತ್ರಿಯ ಮನೆಯಲ್ಲಿ ತಿಂದು ಎಷ್ಟು ಕೊಬ್ಬಿದೆಯೆಂದರೆ ಎತ್ತಿದರೆ ಕೈ ನೋಯುತ್ತದೆ. "ಮೊದಲು ಅದರ ಕ್ಷಮೆ ಕೇಳಿ, ಆಮೇಲೆ ನನ್ನದು," ಎಂದರು ಅತ್ತೆ. ಎರಡೂ ಕೇಳಿದೆ. ಬೆಕ್ಕು ಆಕಳಿಸಿತು, ಅತ್ತೆ ಹೊಸ ಮುಲಾಮಿನ ಡಬ್ಬಿ ತರಿಸಿಕೊಂಡು ವರಾಂಡದಲ್ಲಿ ಕೂತು ಹಚ್ಚಿಕೊಳ್ಳುತ್ತಾರೆ. ಮೆಣಸು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಾಳೆ. ನಾನು ಕೆಳಗೆ ನಿಂತು ಅವಳ ಹೆಜ್ಜೆ ಎಣಿಸುತ್ತೇನೆ. ಕೊನೆಯ ಮೆಟ್ಟಿಲವರೆಗೂ ನನ್ನ ಉಸಿರು ನನ್ನ ಹತ್ತಿರ ಇರುವುದಿಲ್ಲ.

ಹೊಸ ಸೊಂಡಿಲನ್ನು ಶನಿವಾರ ಸೋಪಿನ ನೀರಿನಲ್ಲಿ ಅದ್ದಿ ಅಡುಗೆಮನೆಯ ಜಾಲರಿಯ ಮೇಲೆ ಒಣಗಲು ಇಡುತ್ತೇವೆ. ಹನಿಗಳು ಕಾಣುತ್ತಿರುತ್ತವೆ, ಒರೆಸಲು ನನ್ನ ಕೈ ಕಡಿಯುತ್ತದೆ. ಕೈಯನ್ನು ಜೇಬಿನಲ್ಲಿ ಹಾಕಿಕೊಳ್ಳುತ್ತೇನೆ. ಒಣಗಿದ ಮೇಲೆ ಪಂಪು ಸೇರಿಸುವ ಮೊದಲು ಅದನ್ನು ಮೆಣಸಿನ ಕೈಗೆ ಕೊಡುತ್ತೇನೆ.

"ಮೂಸಿ ನೋಡು. ಏನಾದ್ರೂ ವಾಸನೆ ಇದ್ರೆ ಹೇಳ್ಬೇಕು. ಯಾರೂ ಎಲ್ಲಿಗೂ ಹೋಗಲ್ಲ."

ಅವಳು ಮುಖವಾಡದೊಳಗೆ ಮೂಗು ತೂರಿಸಿ ನಿಧಾನವಾಗಿ ಮೂಸುತ್ತಾಳೆ. ಆಮೇಲೆ ನನ್ನ ಮುಖ ನೋಡಿ, "ಏನೂ ಇಲ್ಲ ಅಪ್ಪಾ," ಎನ್ನುತ್ತಾಳೆ.

ನನ್ನ ಮುಖ ನೋಡಿದ ಮೇಲೆ ಹೇಳುತ್ತಾಳಲ್ಲ, ಅಲ್ಲೇ ನನಗೆ ಭಯ. ನಿಜ ಹೇಳುತ್ತಿದ್ದಾಳೋ, ನನ್ನನ್ನು ಉಳಿಸಿಕೊಳ್ಳುತ್ತಿದ್ದಾಳೋ ತಿಳಿಯಲು ನನಗೆ ಮೂಗಿಲ್ಲ. ಅದಕ್ಕೇ ಸೊಂಡಿಲನ್ನು ಅತ್ತೆಯ ಕೈಗೂ ಕೊಟ್ಟು, ಅವರೂ ಮೂಸಿ ಸರಿ ಎನ್ನುವವರೆಗೂ ಕಾಯುತ್ತೇನೆ.